ಹುಲ್ಲುಹಾಸಿನ ಕೆಳಗೆ ಹೆಗ್ಗಣ

ಮೈಸೂರಿನಲ್ಲಿ ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು ಬೆಳೆಸಿಕೊಂಡವರಿಗೆ ಮೇ ತಿಂಗಳ ಮಳೆ ಬಿದ್ದ ಮೇಲೆ ಒಂದು ಹೊಸ ತಲೆನೋವು ಶುರುವಾಗುವುದುಂಟು. ಬೇಸಿಗೆಯುದ್ದಕ್ಕೂ ಗಟ್ಟಿಯಾಗಿದ್ದ ಕೆಮ್ಮಣ್ಣು ಮೆತ್ತಗಾಗುತ್ತಿದ್ದಂತೆ ಹುಲ್ಲಿನ ನಡುವೆ ರಾತ್ರೋರಾತ್ರಿ ಮಣ್ಣಿನ ಗುಪ್ಪೆಗಳು ಏಳುತ್ತವೆ. ಬೋಗಾದಿ ರಸ್ತೆಯ ಕಡೆಗಿರುವ ನಮ್ಮ ಮನೆಯಲ್ಲಿ ಮೊದಲ ಗುಪ್ಪೆ ಕಾಣಿಸಿದ್ದು ಕಾಂಪೌಂಡಿನ ಮೂಲೆಯಲ್ಲಿ, ಸುಗಂಧರಾಜದ ಗೆಡ್ಡೆಗಳನ್ನು ನೆಟ್ಟಿದ್ದ ಪಾತಿಯ ಪಕ್ಕದಲ್ಲಿ. ಅಲ್ಲಿಂದ ಅದು ಸಾಲುಸಾಲಾಗಿ ಹುಲ್ಲಿನ ನಡುಭಾಗಕ್ಕೆ ಬಂದಿತು. ಗುಪ್ಪೆಗಳಿಲ್ಲದ ಕಡೆಯಲ್ಲಿಯೂ ಕಾಲಿಟ್ಟರೆ ನೆಲ ಒಳಕ್ಕೆ ಕುಸಿಯುತ್ತಿತ್ತು. ಹುಲ್ಲು ಮೇಲೆ ಹಸಿರಾಗಿಯೇ ಕಂಡರೂ ಬುಡದಲ್ಲಿ ಬೇರು ಮಣ್ಣನ್ನು ಬಿಟ್ಟು ಪೊಳ್ಳಿನ ಮೇಲೆ ನಿಂತಿರುತ್ತಿತ್ತು, ಎರಡು ದಿನ ಬಿಸಿಲು ಬಿದ್ದರೆ ಅಷ್ಟಗಲ ಹಳದಿಯಾಗುತ್ತಿತ್ತು.

ನನ್ನ ಮಗಳು ಅಮೆರಿಕದ ಓಹಿಯೋದಲ್ಲಿದ್ದಾಳೆ. ಅವಳ ಮನೆಯ ಮುಂದಿನ ಹುಲ್ಲಿನಲ್ಲಿಯೂ ಇಂಥವೇ ಗುಪ್ಪೆಗಳು ಏಳುತ್ತವೆ. ವಿಡಿಯೋ ಕರೆಯಲ್ಲಿ ನಮ್ಮ ಅಂಗಳವನ್ನು ತೋರಿಸಿದಾಗ ಅವಳು, "ಅಪ್ಪ, ಇದು ಮೋಲ್ ಕೆಲಸವೇ. ಹರಳೆಣ್ಣೆಯನ್ನು ನೀರಿನಲ್ಲಿ ಕಲಸಿ ಹುಲ್ಲಿನ ಮೇಲೆಲ್ಲ ಹಾಕಿ, ಗೊಣ್ಣೆಹುಳು ಸಾಯುವ ಔಷಧಿಯನ್ನೂ ಹೊಡೆಸಿ," ಎಂದಳು. ಅವಳ ಊರಿನ ಗುಪ್ಪೆಗಳ ಮಟ್ಟಿಗೆ ಅದು ಮೋಲ್ ಕೆಲಸವೆಂಬುದು ಸರಿಯಾದ ಮಾತು. ಅಲ್ಲಿಯ ಮೋಲ್ ಇಲಿಯ ಜಾತಿಗೆ ಸೇರಿದ್ದಲ್ಲ. ಅದು ಮಣ್ಣಿನೊಳಗೇ ಬದುಕಿ ಎರೆಹುಳು, ಗೊಣ್ಣೆಹುಳುಗಳನ್ನು ತಿನ್ನುವ, ಕಣ್ಣು ಚರ್ಮದ ಕೆಳಗೆ ಮುಚ್ಚಿಹೋಗಿರುವ, ಮುಂಗಾಲುಗಳು ಅಗಲವಾಗಿ ಹೊರಕ್ಕೆ ತಿರುಗಿರುವ ಸಣ್ಣ ಪ್ರಾಣಿ. ಗಿಡದ ಬೇರನ್ನೋ ಗೆಡ್ಡೆಯನ್ನೋ ಅದು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದರ ಬಳಗದವು ಇರುವುದು ಹಿಮಾಲಯದ ತಪ್ಪಲಿನಲ್ಲಿ ಮತ್ತು ಈಶಾನ್ಯದ ಗುಡ್ಡಗಳಲ್ಲಿ; ದಕ್ಷಿಣ ಭಾರತದಲ್ಲಿ ಇಲ್ಲವೇ ಇಲ್ಲ. ನಮ್ಮ ಪಾತಿಯಲ್ಲಿಯಾದರೋ ಸುಗಂಧರಾಜದ ಗೆಡ್ಡೆಗಳು ಅರ್ಧರ್ಧ ಕೊರೆದುಹೋಗಿದ್ದವು, ಕೆಸುವಿನ ಗೆಡ್ಡೆಯ ಮೇಲೆ ಜೋಡಿ ಉಳಿಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ಸಾಕ್ಷಿಯಿದ್ದ ಮೇಲೆ ಅದು ಹೆಗ್ಗಣವೆಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಆದರೂ ಮಗಳ ಸಮಾಧಾನಕ್ಕೆಂದು ಹುಲ್ಲಿನ ಮೂರು ನಾಲ್ಕು ಕಡೆ ಒಂದೊಂದು ಅಡಿ ಚೌಕದಷ್ಟು ಹುಲ್ಲಿನ ಹೆಂಟೆಯನ್ನು ಸನಿಕೆಯಿಂದ ಎಬ್ಬಿಸಿ ಕೆಳಗಿನ ಮಣ್ಣನ್ನು ಪುಡಿಮಾಡಿ ನೋಡಿದೆ. ಗೊಣ್ಣೆಹುಳು ಅಲ್ಲೊಂದು ಇಲ್ಲೊಂದು ಸಿಕ್ಕಿತೇ ಹೊರತು ಔಷಧಿ ಹೊಡೆಯಬೇಕಾದಷ್ಟು ಇರಲಿಲ್ಲ. ಎರೆಹುಳುಗಳು ಮಾತ್ರ ಧಾರಾಳವಾಗಿದ್ದವು. ಅವುಗಳಿರುವ ಮಣ್ಣಿಗೆ ಕೀಟನಾಶಕ ಸುರಿಯುವುದು ನನ್ನ ದೃಷ್ಟಿಯಲ್ಲಿ ಅವಿವೇಕವೇ ಸರಿ.

ನಮ್ಮ ಸೀಮೆಯಲ್ಲಿ ಹೆಗ್ಗಣವೆಂದು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ದೊಡ್ಡದು, ಚರಂಡಿ ಮತ್ತು ಹಳೆಯ ಕಟ್ಟಡಗಳ ಅಡಿಯಲ್ಲಿರುವುದು, ಒಂದು ಕಿಲೋ ತೂಗುವವರೆಗೂ ಬೆಳೆಯುವುದು. ಇನ್ನೊಂದು ಅದಕ್ಕಿಂತ ಚಿಕ್ಕದು, ಗದ್ದೆಬದುಗಳಲ್ಲಿ ಬಿಲ ತೋಡುವುದು, ಕಾಲು ಕಿಲೋದ ಆಚೀಚೆ ತೂಗುವುದು. ಅದರ ಬಾಲ ಮೈಯ ಉದ್ದಕ್ಕಿಂತ ಗಿಡ್ಡವಾಗಿರುತ್ತದೆ. ಮಂಡ್ಯದ ಭತ್ತದ ಗದ್ದೆಗಳಲ್ಲಿ ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಡುವುದು ಈ ಚಿಕ್ಕ ಹೆಗ್ಗಣವೇ, ಊರು ಬೆಳೆದು ಗದ್ದೆಗಳೆಲ್ಲ ಬಡಾವಣೆಗಳಾದ ಮೇಲೆ ಮನೆಯಂಗಳಗಳಿಗೆ ಬಂದಿರುವುದೂ ಅದೇ. ಅದಕ್ಕೆ ಒಂದು ವಿಶೇಷ ಅಭ್ಯಾಸವಿದೆ: ಒಳಗಿದ್ದಾಗ ಬಿಲದ ಬಾಯಿಯನ್ನು ಸಡಿಲ ಮಣ್ಣಿನಿಂದ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಗುಪ್ಪೆ ಕಾಣುತ್ತದೆ, ತೂತು ಕಾಣುವುದಿಲ್ಲ. ಗುಪ್ಪೆಯ ಮಣ್ಣನ್ನು ಮೆಲ್ಲಗೆ ಸರಿಸುತ್ತ ಹೋದರೆ ಒಂದು ಪಕ್ಕದಲ್ಲಿ ಮುಷ್ಟಿ ಹೊಗುವಷ್ಟು ಅಗಲದ ಬಾಯಿ ಸಿಗುತ್ತದೆ. ಅದರ ಅಂಚು ನುಣುಪಾಗಿದ್ದು ಹೊಸದಾಗಿ ಉಜ್ಜಿದ ಮಣ್ಣಿನ ಹೊಳಪಿದ್ದರೆ ಒಳಗೆ ಸಂಚಾರವಿದೆಯೆಂದು ಅರ್ಥ.

ಎಷ್ಟು ಗುಪ್ಪೆಗಳಿವೆಯೋ ಅಷ್ಟು ಹೆಗ್ಗಣಗಳಿವೆಯೆಂದು ಗಾಬರಿಯಾಗಬೇಕಾಗಿಲ್ಲ. ಮರಿ ಹಾಕಿದ ತಾಯಿಯನ್ನು ಬಿಟ್ಟರೆ ಸಾಮಾನ್ಯವಾಗಿ ಒಂದು ಬಿಲದಲ್ಲಿ ಒಂದೇ ಹೆಗ್ಗಣವಿರುತ್ತದೆ, ಆದರೆ ಆ ಒಂದೇ ಬಿಲಕ್ಕೆ ಹಲವು ಬಾಯಿಗಳಿರುತ್ತವೆ. ಆದ್ದರಿಂದ ನಾನು ಮೊದಲು ಮಾಡಿದ ಕೆಲಸವೆಂದರೆ ಸಂಜೆ ಕತ್ತಲಾಗುವ ಮುನ್ನ ಸಿಕ್ಕಿದ ಬಾಯಿಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ, ಕಾಲಿನಿಂದ ತುಳಿದು, ಪಕ್ಕದಲ್ಲಿ ಒಂದೊಂದು ಬಿದಿರುಕಡ್ಡಿ ಚುಚ್ಚಿದ್ದು. ಬೆಳಿಗ್ಗೆ ಎದ್ದು ನೋಡಿದಾಗ ಹೆಚ್ಚಿನ ಕಡ್ಡಿಗಳ ಬುಡದ ಮಣ್ಣು ಮುಚ್ಚಿದಂತೆಯೇ ಇತ್ತು; ಕಾಂಪೌಂಡಿಗೆ ಹತ್ತಿರವಾಗಿದ್ದ ಕೆಲವು ಮಾತ್ರ ಮತ್ತೆ ತೆರೆದಿದ್ದವು. ಕೃಷಿಯವರು ಗದ್ದೆಗಳಲ್ಲಿ ಔಷಧಿ ಇಡುವ ಮುನ್ನ ಇದನ್ನೇ ಮಾಡುತ್ತಾರೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಎರಡು ಮೂರು ರಾತ್ರಿ ಮಾಡಿದರೆ ಎಲ್ಲಿ ಗಮನ ಕೊಡಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ತಿಳಿಯುತ್ತದೆ, ಅರ್ಧ ಶ್ರಮ ಉಳಿಯುತ್ತದೆ.

ಇಷ್ಟು ಹೊತ್ತಿಗೆ ಬೀದಿಯವರೆಲ್ಲರಿಗೂ ವಿಷಯ ತಿಳಿದು ಸಲಹೆಗಳು ಬಂದವು. ಬಿಲದೊಳಗೆ ಹಿಂಗಿನ ನೀರು ಬಿಡಿ, ಬೆಳ್ಳುಳ್ಳಿ ಜಜ್ಜಿ ಇಡಿ, ನುಸಿಗುಳಿಗೆ ಹಾಕಿ, ಕೊಳಾಯಿಯ ಪೈಪನ್ನೇ ಒಳಕ್ಕೆ ತೂರಿಸಿ ನೀರು ಬಿಡಿ, ಮೆಣಸಿನಕಾಯಿಯ ಹೊಗೆ ಹಾಕಿ ಎಂದೆಲ್ಲ ಹೇಳಿದರು. ವಾಸನೆಯ ಉಪಾಯಗಳಿಂದ ಆಗುವುದು ಇಷ್ಟೇ: ಹೆಗ್ಗಣ ಆ ಬಾಯಿಯನ್ನು ಒಳಗಿನಿಂದ ಮಣ್ಣು ತಳ್ಳಿ ಮುಚ್ಚಿ, ಮೂರಡಿ ಆಚೆ ಹೊಸ ಬಾಯಿ ತೆರೆಯುತ್ತದೆ. ನುಸಿಗುಳಿಗೆಯಂತೂ ಮಣ್ಣಿಗೆ ಹಾಕಬಾರದ ವಸ್ತು. ನೀರು ಬಿಡುವುದು ಗದ್ದೆಯ ಬದುವಿನಲ್ಲಿ ಫಲ ಕೊಡಬಹುದು. ಮನೆಯ ತಳಪಾಯಕ್ಕೆ ಹತ್ತು ಅಡಿಯೊಳಗಿರುವ ಬಿಲಕ್ಕೆ ಗಂಟೆಗಟ್ಟಲೆ ನೀರು ಬಿಟ್ಟರೆ ಹೆಗ್ಗಣಕ್ಕಿಂತ ಮೊದಲು ಕಾಂಪೌಂಡು ಕೂರುತ್ತದೆ. ಬಿಸಿಲಿನಿಂದ ನಡೆದು ನೆಲದಲ್ಲಿ ಗುಂಯ್‌ಗುಡುವ ಕಡ್ಡಿಗಳನ್ನು ಮಗಳು ತನ್ನ ಮನೆಯಲ್ಲಿ ಹಾಕಿಸಿ ನೋಡಿದ್ದಾಳೆ, ಮೋಲ್‌ಗಳು ಆ ಕಡ್ಡಿಯ ಬುಡದಲ್ಲೇ ಗುಪ್ಪೆ ಎಬ್ಬಿಸಿದವಂತೆ.

ವಿಷದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಬಹಳ ಮಂದಿ ಮೊದಲು ಕೈಹಾಕುವುದು ಅದಕ್ಕೇ. ಗೊಬ್ಬರ ಮತ್ತು ಔಷಧಿಯ ಅಂಗಡಿಗಳಲ್ಲಿ ಸಿಗುವ ಇಲಿ ಪಾಷಾಣಗಳಲ್ಲಿ ಮುಖ್ಯವಾದವು ಎರಡು. ಜಿಂಕ್ ಫಾಸ್ಫೈಡ್ ಎಂಬುದು ಬೂದುಗಪ್ಪು ಪುಡಿ. ನೂರು ಭಾಗದಲ್ಲಿ 96 ಭಾಗ ಅಕ್ಕಿನುಚ್ಚು, 2 ಭಾಗ ಎಣ್ಣೆ, 2 ಭಾಗ ಪುಡಿ ಸೇರಿಸಿ ಬಳಸುವುದು ರೂಢಿ. ಹೊಟ್ಟೆಯ ಆಮ್ಲಕ್ಕೆ ತಾಗಿದಾಗ ಅದರಿಂದ ಫಾಸ್ಫೀನ್ ಅನಿಲ ಹೊರಟು ಪ್ರಾಣಿ ಬೇಗ ಸಾಯುತ್ತದೆ. ಆದರೆ ಸ್ವಲ್ಪ ತಿಂದು ಬದುಕಿಕೊಂಡ ಹೆಗ್ಗಣ ಬಹಳ ದಿನ ಅದನ್ನು ಮುಟ್ಟುವುದಿಲ್ಲವಾದ್ದರಿಂದ ಮೊದಲು ಎರಡು ಮೂರು ದಿನ ವಿಷವಿಲ್ಲದ ನುಚ್ಚನ್ನಿಟ್ಟು ರುಚಿ ಹಿಡಿಸಬೇಕಾಗುತ್ತದೆ. ಮನುಷ್ಯರಾಗಲಿ ನಾಯಿಯಾಗಲಿ ತಿಂದರೆ ಅದಕ್ಕೆ ಪ್ರತ್ಯೌಷಧವಿಲ್ಲ. ಎರಡನೆಯದು ಬ್ರೋಮಡಿಯೋಲೋನ್, 0.005 ಪ್ರತಿಶತದ ಬಿಲ್ಲೆಗಳ ರೂಪದಲ್ಲಿ ಸಿಗುವುದು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಸಾವು ಬರಲು ಕೆಲವು ದಿನಗಳು ಹಿಡಿಯುತ್ತವೆ. ಅದಕ್ಕೆ ವಿಟಮಿನ್ ಕೆ1 ಪ್ರತ್ಯೌಷಧವಿದೆಯೆಂಬುದೊಂದು ಸಮಾಧಾನ. ಆದರೆ ಆ ಕೆಲವು ದಿನಗಳಲ್ಲಿ ಮೈಯಲ್ಲಿ ವಿಷವಿಟ್ಟುಕೊಂಡು ಮಂಕಾಗಿ ಓಡಾಡುವ ಹೆಗ್ಗಣವನ್ನು ಬೆಕ್ಕೋ ಗೂಬೆಯೋ ಹಿಡಿದು ತಿಂದರೆ ಅದಕ್ಕೂ ಅಪಾಯ. ನಮ್ಮ ಬೀದಿಯ ಕೊನೆಯ ತೆಂಗಿನ ಮರಗಳಿಗೆ ರಾತ್ರಿ ಒಂದು ಜೋಡಿ ಬಿಳಿಮುಖದ ಗೂಬೆಗಳು ಬಂದು ಕೂರುತ್ತವೆ. ಇಲಿ ಹೆಗ್ಗಣಗಳ ಮರಿಗಳನ್ನು ಅವುಗಳಷ್ಟು ನಿಷ್ಠೆಯಿಂದ ಹಿಡಿಯುವವರು ಬೇರೆ ಯಾರೂ ಇಲ್ಲ. ಅವುಗಳ ಬಾಯಿಗೆ ವಿಷ ಹಾಕಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ, ವಿಷ ತಿಂದದ್ದು ಬಿಲದೊಳಗೇ ಸತ್ತು ನಾರತೊಡಗಿದರೆ ಮನೆಯ ಮುಂದೆ ವಾರಗಟ್ಟಲೆ ಯಾರೂ ನಿಲ್ಲುವಂತಿರುವುದಿಲ್ಲ.

ಇನ್ನೂ ಒಂದಿದೆ. ಒಂದು ಅಂಗಡಿಯಲ್ಲಿ ಹುಡುಗನೊಬ್ಬ ನನ್ನ ಮಾತು ಮುಗಿಯುವ ಮುನ್ನವೇ, "ಗುಳಿಗೆ ಕೊಡ್ತೀನಿ ಸಾರ್, ಬಿಲಕ್ಕೆ ಎರಡು ಹಾಕಿ ಮಣ್ಣು ಮುಚ್ಚಿ, ಕೆಲಸ ಮುಗೀತು," ಎಂದು ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಡಲು ಹೊರಟಿದ್ದ. ಉಗ್ರಾಣಗಳಲ್ಲಿ ಧಾನ್ಯಕ್ಕೆ ಹುಳು ಬೀಳದಂತೆ ತಜ್ಞರು ಬಳಸುವ ವಸ್ತು ಅದು. ಅದರ ಮಾರಾಟ ಮತ್ತು ಬಳಕೆಗೆ ಸರ್ಕಾರದ ನಿರ್ಬಂಧವಿದೆ. 3 ಗ್ರಾಮಿನ ಒಂದು ಗುಳಿಗೆ ತೇವ ತಾಗಿದರೆ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಹೆಗ್ಗಣದ ಬಿಲ ಎಲ್ಲಿಗೆ ಹೋಗಿ ತೆರೆದಿದೆಯೋ ಯಾರಿಗೆ ಗೊತ್ತು. ಮಲಗುವ ಕೋಣೆಯ ನೆಲದ ಬಿರುಕಿಗೆ ತೆರೆದಿದ್ದರೆ ಅನಿಲ ಅಲ್ಲಿಗೂ ಬರುತ್ತದೆ. ಮನೆಯ ಆವರಣದಲ್ಲಿ ಅದನ್ನು ಬಳಸುವ ಮಾತೇ ಕೂಡದು. ಹುಡುಗನಿಗೆ ಅಷ್ಟನ್ನೂ ಹೇಳಿ ಬರಿಗೈಯಲ್ಲಿ ಹೊರಬಂದೆ. ಮೇಷ್ಟ್ರಾಗಿದ್ದವರಿಗೆ ನಿವೃತ್ತಿಯ ನಂತರವೂ ಪಾಠ ಹೇಳುವ ಚಾಳಿ ಹೋಗುವುದಿಲ್ಲ.

ಉಳಿದದ್ದು ಬೋನು. ಮನೆಯೊಳಗಿನ ಸಣ್ಣ ಇಲಿಗೆ ಇಡುವ ಮರದ ಬೋನು ಇದಕ್ಕೆ ಸಾಲದು. ಹೆಗ್ಗಣ ಅದನ್ನು ಕಡಿದುಕೊಂಡೇ ಹೊರಬರುತ್ತದೆ. ದಪ್ಪ ಕಂಬಿಯ, ಒಂದೂವರೆ ಅಡಿ ಉದ್ದದ ಕಬ್ಬಿಣದ ಬೋನನ್ನು ತಂದೆ. ಅಂಟಿನ ಹಲಗೆಯನ್ನೂ ತೋರಿಸಿದರು, ಬೇಡವೆಂದೆ. ಪ್ರಾಣಿ ಗಂಟೆಗಟ್ಟಲೆ ಅಂಟಿಕೊಂಡು ನರಳುವುದನ್ನು ನೋಡುವ ಶಕ್ತಿ ನನಗಿಲ್ಲ, ಅಲ್ಲದೆ ಅದಕ್ಕೆ ಹಲ್ಲಿ, ಓತಿಕ್ಯಾತ, ಹಕ್ಕಿಗಳೂ ಸಿಕ್ಕಿಬೀಳುತ್ತವೆ.

ಬೋನನ್ನು ತಂದ ರಾತ್ರಿಯೇ ಬಾಗಿಲು ಏರಿಸಿಡಬಾರದು. ಅದರ ಬಾಗಿಲನ್ನು ತಂತಿಯಿಂದ ಬಿಗಿದು ತೆರೆದೇ ಇಟ್ಟು, ಸಂಚಾರವಿದ್ದ ಬಾಯಿಗೂ ಕಾಂಪೌಂಡಿನ ಗೋಡೆಗೂ ನಡುವೆ ಗೋಡೆಗೆ ಒತ್ತಿದಂತೆ ಇರಿಸಿ, ಕೆಲವು ರಾತ್ರಿ ಸುಮ್ಮನೆ ತಿಂಡಿ ಹಾಕಿದೆ. ಬಯಲಿನ ನಡುವೆ ಓಡಾಡುವುದಕ್ಕಿಂತ ಗೋಡೆಯನ್ನು ಸವರಿಕೊಂಡು ಹೋಗುವುದೇ ಅದಕ್ಕೆ ಇಷ್ಟ. ತಿಂಡಿಯ ವಿಷಯದಲ್ಲಿ ನನ್ನ ಪ್ರಯೋಗಗಳು ಮನೆಯವಳಿಗೆ ಕೋಪ ತರಿಸುವಷ್ಟು ನಡೆದವು. ಟೊಮ್ಯಾಟೊ, ಬ್ರೆಡ್ಡು ಇವುಗಳನ್ನು ಮೂಸಿಯೂ ನೋಡಲಿಲ್ಲ. ಗ್ಯಾಸ್ ಒಲೆಯ ಮೇಲೆ ಅಂಚು ಕಂದುವಂತೆ ಸುಟ್ಟ ಕೊಬ್ಬರಿಯ ಹೋಳು, ಹುರಿದ ಕಡಲೆಕಾಯಿಬೀಜವನ್ನು ಬೆಲ್ಲದೊಂದಿಗೆ ಕುಟ್ಟಿದ ಉಂಡೆ, ಹಿಂದಿನ ದಿನದ ಬೋಂಡ ಇವಿಷ್ಟು ಮಾತ್ರ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದವು. ನಮ್ಮದು ಮಾಂಸಾಹಾರದ ಮನೆಯಾಗಿದ್ದರೆ ಒಣಮೀನು ಇವೆಲ್ಲಕ್ಕಿಂತ ಮೇಲೆಂದು ತೋಟದ ಆಳು ಹೇಳಿದ. ಕೊಬ್ಬರಿಯನ್ನು ಕೊಕ್ಕೆಗೆ ಸುಮ್ಮನೆ ಸಿಕ್ಕಿಸಿದರೆ ಬಾಗಿಲು ಬೀಳದಂತೆ ಮೆಲ್ಲಗೆ ಕಿತ್ತುಕೊಂಡು ಹೋಗುತ್ತದೆ, ದಾರದಿಂದ ಸುತ್ತಿ ಕಟ್ಟಬೇಕು. ಬೋನಿಗೆ ಎರಡು ಗೂಟ ಹೊಡೆದು ಬಿಗಿಯದಿದ್ದರೆ ಒಳಗೆ ಸಿಕ್ಕಿದ್ದು ಬೋನಿನ ಸಮೇತ ಉರುಳಾಡಿ ಬಾಗಿಲನ್ನು ಸಡಿಲಿಸಿಕೊಳ್ಳುತ್ತದೆ.

ಮೊದಲ ಸಲ ಬಾಗಿಲು ಬಿದ್ದ ಶಬ್ದ ಕೇಳಿದ್ದು ರಾತ್ರಿ ಹತ್ತರ ಸುಮಾರಿಗೆ. ಟಾರ್ಚು ಹಿಡಿದು ನೋಡಿದಾಗ ಅದು ಓಡಿಹೋಗಲು ಹವಣಿಸದೆ ಬೆನ್ನಿನ ಒರಟು ಕೂದಲನ್ನೆಲ್ಲ ನಿಮಿರಿಸಿಕೊಂಡು ನನ್ನ ಕಡೆಗೇ ತಿರುಗಿ, ಮೂಗಿನಿಂದ ಗುರುಗುಟ್ಟುತ್ತ ಕಂಬಿಯನ್ನು ಕಚ್ಚುತ್ತಿತ್ತು. ಮೈ ಕಡುಗಂದು, ಮೋರೆ ಮೊಂಡು, ಹಲ್ಲು ಕಿತ್ತಳೆ ಹಳದಿ. ಬಾಲದಲ್ಲಿ ಕೂದಲಿಲ್ಲ, ಬರಿಯ ಉಂಗುರಗಳ ಗೆರೆ. ಒಂದು ಬಗೆಯ ಕಮಟು ವಾಸನೆ ಬೋನಿನ ಸುತ್ತ ಹಬ್ಬಿತ್ತು. ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ: ಇಲಿ ಹೆಗ್ಗಣಗಳ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಅದೂ ಮಳೆಗಾಲದ ಒದ್ದೆ ಮಣ್ಣಿನಲ್ಲಿ, ಕಾಲಿನ ಒಡಕು ಅಥವಾ ಕೈಯ ಗಾಯದ ಮೂಲಕ. ಬೋನನ್ನಾಗಲಿ ಬಿಲದ ಮಣ್ಣನ್ನಾಗಲಿ ಮುಟ್ಟುವಾಗ ರಬ್ಬರಿನ ಕೈಗವಸು ಮತ್ತು ಗಂಬೂಟು ಹಾಕಿಕೊಳ್ಳುತ್ತಿದ್ದೆ. ಬಳಿಕ ಬೋನನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು ಬಿಸಿಲಿಗಿಡುತ್ತಿದ್ದೆ. ತೊಳೆದರೆ ವಾಸನೆ ಹೋಗಿ ಮುಂದಿನದು ಸಿಕ್ಕುವುದಿಲ್ಲವೆಂದು ಹೇಳುವವರಿದ್ದಾರೆ. ನನಗೆ ಹಾಗೇನೂ ಅನುಭವವಾಗಲಿಲ್ಲ.

ಸಿಕ್ಕಿದ್ದನ್ನು ಏನು ಮಾಡುವುದೆಂಬ ಪ್ರಶ್ನೆ ಬೋನು ಕೊಳ್ಳುವಾಗ ಯಾರಿಗೂ ಹೊಳೆಯುವುದಿಲ್ಲ. ಕುಕ್ಕರಹಳ್ಳಿ ಕೆರೆಯ ಬಳಿ ಬಿಟ್ಟುಬನ್ನಿ ಎಂದವರಿದ್ದರು. ಕೆರೆಯ ಏರಿಗೆ ಹೆಗ್ಗಣ ಬಿಡುವುದು ಯಾವ ಪುಣ್ಯದ ಕೆಲಸವೂ ಅಲ್ಲ. ಏರಿಯ ಮಣ್ಣನ್ನೇ ತೋಡುವ ಪ್ರಾಣಿ ಅದು. ಇನ್ನೊಂದು ಬಡಾವಣೆಯ ಖಾಲಿ ಸೈಟಿನಲ್ಲಿ ಬಿಟ್ಟರೆ ನಮ್ಮ ಪೀಡೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಯಿತು. ಬೋನನ್ನು ನೀರಿನಲ್ಲಿ ಮುಳುಗಿಸುವುದು ನಿಧಾನವಾದ ಹಿಂಸೆ. ಕೊನೆಗೆ ತೋಟದ ಆಳೇ ಅದನ್ನು ಗೋಣಿಚೀಲಕ್ಕೆ ಬಿಟ್ಟುಕೊಂಡು ಒಂದೇ ಪೆಟ್ಟಿಗೆ ಮುಗಿಸಿ, ಎರಡಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವ ವ್ಯವಸ್ಥೆಯಾಯಿತು. ಆ ಕೆಲಸ ನನಗೆ ಹಿತವೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಒಂದು ರಾತ್ರಿ ಬೋನಿಗೆ ಉದ್ದ ಮೂತಿಯ, ಕೀಚುಗುಟ್ಟುವ ಸುಂಡಿಲಿಯೊಂದು ಬಿದ್ದಿತ್ತು. ಹುಳುಹುಪ್ಪಟೆ ತಿಂದು ಬದುಕುವ ಅದರಿಂದ ಹುಲ್ಲಿಗೆ ಯಾವ ತೊಂದರೆಯೂ ಇಲ್ಲವಾದ್ದರಿಂದ ಅಲ್ಲೇ ಬಿಟ್ಟೆ.

ಬೋನಿಗೆ ಬೀಳುತ್ತಿದ್ದರೂ ಹೊಸ ಗುಪ್ಪೆಗಳು ನಿಲ್ಲಲಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುವಾತ ಪಾಂಡವಪುರದ ಕಡೆಯವನು, ಚಿಕ್ಕಂದಿನಿಂದ ಭತ್ತದ ಗದ್ದೆಯಲ್ಲಿ ಬೆಳೆದವನು. ಅವನು ಒಂದು ಬೆಳಿಗ್ಗೆ ಗುಪ್ಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ, "ಮೇಷ್ಟ್ರೆ, ಇದೊಂದ್ ಹೋದ್ರೆ ಇನ್ನೊಂದ್ ಬತ್ತದೆ. ಖಾಲಿ ಮನೆ ಕಂಡ್ರೆ ಬಾಡ್ಗೆಗೆ ಬಂದಂಗೆ ಕಣಿ. ಬಿಲ ಎಲ್ಲಿಗಂಟ ಹೋಗದೆ ಅಂತ ಅಗ್ದು ನೋಡ್ಬುಡದು ಒಳ್ಳೇದು," ಎಂದ. ಹುಲ್ಲು ಹಾಳಾದೀತೆಂದು ನಾನು ಹಿಂದೆಮುಂದೆ ನೋಡಿದೆ. "ಉಳ್ದಿರದೆಲ್ಲಿ ಉಲ್ಲು?" ಎಂದು ನಕ್ಕು ಗುದ್ದಲಿ ತಂದ.

ಅಗೆಯುವುದಕ್ಕೂ ಒಂದು ಕ್ರಮವಿದೆ. ಬಿಲದೊಳಗೆ ಮೊದಲು ತೆಳ್ಳನೆಯ ಬಿದಿರುದಬ್ಬೆಯನ್ನು ತೂರಿಸಿ ಅದು ಯಾವ ಕಡೆಗೆ ಬಾಗುತ್ತದೆಯೆಂದು ನೋಡಿ, ಆ ದಿಕ್ಕಿನಲ್ಲಿ ಹುಲ್ಲಿನ ಹೆಂಟೆಗಳನ್ನು ಸನಿಕೆಯಿಂದ ಚೌಕಚೌಕವಾಗಿ ಎತ್ತಿ ನೆರಳಿನಲ್ಲಿ ಒದ್ದೆ ಗೋಣಿಯ ಮೇಲೆ ಜೋಡಿಸಿಟ್ಟ. ಬಳಿಕ ಹಾರೆಯಿಂದ ಮೆಲ್ಲಗೆ ಮೇಲ್ಮಣ್ಣನ್ನು ತೆಗೆಯುತ್ತ ಸುರಂಗದ ಚಾವಣಿಯನ್ನಷ್ಟೇ ಬಿಚ್ಚುತ್ತ ಹೋದ. ಬಿಲಕ್ಕೆ ಬರಿಗೈ ಹಾಕುವುದಕ್ಕೆ ಅವನೂ ಸಿದ್ಧನಿರಲಿಲ್ಲ. ಹೆಗ್ಗಣ ಬಿಟ್ಟ ಬಿಲಕ್ಕೆ ನಾಗರಹಾವು ಸೇರುವುದು ನಮ್ಮ ಕಡೆ ಅಪರೂಪದ ಸಂಗತಿಯಲ್ಲ. ಮೈಸೂರಿನಲ್ಲಿ ಹಾವು ಹಿಡಿಯುವವರ ಫೋನ್ ನಂಬರು ಹೆಚ್ಚಿನ ಮನೆಗಳಲ್ಲಿ ಬರೆದಿಟ್ಟಿರುತ್ತಾರೆ. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡೇ ಪಕ್ಕದಲ್ಲಿ ನಿಂತಿದ್ದೆ.

ಸುರಂಗ ಸುಮಾರು ಒಂದಡಿ ಆಳದಲ್ಲಿ ಹುಲ್ಲಿನ ಕೆಳಗೆ ಕವಲೊಡೆದು, ಒಂದು ಕವಲು ಸುಗಂಧರಾಜದ ಪಾತಿಗೂ ಇನ್ನೊಂದು ಕಾಂಪೌಂಡಿನ ಬುಡಕ್ಕೂ ಹೋಗಿತ್ತು. ಕವಲಿನ ಬಳಿ ತೆಂಗಿನಕಾಯಿ ಹಿಡಿಸುವಷ್ಟು ಅಗಲದ ಗೂಡು. ಅದರೊಳಗೆ ಒಣಹುಲ್ಲು, ಸೀಳಿದ ಪ್ಲಾಸ್ಟಿಕ್ ಚೀಲ, ನಮ್ಮ ಮನೆಯದೇ ಒಂದು ಕಾಲೊರಸಿನ ನಾರು. ಅದರಿಂದ ಮೊಳದಷ್ಟು ಆಚೆ ಇನ್ನೊಂದು ಗೂಡಿನಲ್ಲಿ ಅದರ ದಾಸ್ತಾನು ಇತ್ತು. ಗದ್ದೆಯ ಬಿಲಗಳಲ್ಲಿ ಭತ್ತದ ತೆನೆ ಸಿಗುವುದನ್ನು ನೋಡಿದ್ದ ಆತನಿಗೆ ಇಲ್ಲಿ ಸಿಕ್ಕಿದ್ದು ಕಂಡು ನಗು ಬಂತು: ಸುಗಂಧರಾಜದ ಗೆಡ್ಡೆಯ ಚೂರುಗಳ ಜೊತೆಗೆ ಎರಡು ಬೊಗಸೆಯಷ್ಟು ನಾಯಿಗಳಿಗೆ ಹಾಕುವ ಅಂಗಡಿಯ ಕಾಳುತಿಂಡಿ, ಒಂದಿಷ್ಟು ಮುಸುಕಿನ ಜೋಳ. ಕಂದುಬಣ್ಣದ ಆ ಉರುಟು ಕಾಳುಗಳು ಬೂಷ್ಟು ಹಿಡಿದಿದ್ದರೂ ಗುರುತು ಸಿಗುವಂತಿದ್ದವು. ನಮ್ಮ ಮನೆಯಲ್ಲಿ ನಾಯಿಯಿಲ್ಲ.

ಕಾಂಪೌಂಡಿನ ಬುಡದ ಕವಲನ್ನು ಹಿಂಬಾಲಿಸಿದಾಗ ಅದು ಸೈಜುಗಲ್ಲಿನ ತಳಪಾಯದ ಸಂದಿಯಲ್ಲಿ ನುಸುಳಿ ಪಕ್ಕದ ಖಾಲಿ ಸೈಟಿಗೆ, ಅಲ್ಲಿಂದ ಪಾರ್ಥೇನಿಯಂ ಪೊದೆಗಳ ಅಡಿಯಲ್ಲಿ ಮೋರಿಯವರೆಗೂ ಹೋಗಿತ್ತು. ಮೋರಿಗೆ ಹೊಂದಿಕೊಂಡಂತಿದ್ದ ಒಳಚರಂಡಿಯ ಚೇಂಬರಿನ ಮುಚ್ಚಳದ ಒಂದು ಮೂಲೆ ಒಡೆದಿತ್ತು. ಬಂದದ್ದು ಎಲ್ಲಿಂದ, ತಿನ್ನುತ್ತಿದ್ದದ್ದು ಏನು, ನಮ್ಮಲ್ಲೇ ಏಕೆ ಬಿಡಾರ ಹೂಡಿತು ಎಂಬ ಮೂರೂ ಒಂದೇ ಬೆಳಿಗ್ಗೆ ಬಿಡಿಸಿದಂತಾಯಿತು: ಚರಂಡಿಯಿಂದ ದಾರಿ, ಪಕ್ಕದಲ್ಲಿ ಊಟ, ದಿನವೂ ನೀರು ಹಾಕಿ ಮೆತ್ತಗಿಟ್ಟ ನಮ್ಮ ಮಣ್ಣಿನಲ್ಲಿ ವಾಸ.

ಬೀದಿನಾಯಿಗಳಿಗೆ ಪ್ರತಿದಿನ ಸಂಜೆ ಖಾಲಿ ಸೈಟಿನ ಅಂಚಿನಲ್ಲಿ ತಿಂಡಿ ಹಾಕುವುದು ಎದುರು ಮನೆಯ ಹಿರಿಯರೊಬ್ಬರು. ಕರುಣೆಯಿಂದ ಮಾಡುವ ಕೆಲಸವನ್ನು ಆಕ್ಷೇಪಿಸುವುದು ಸುಲಭವಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ನೋಡಿದ ಎಂಬ ಗಾದೆ ಈ ಸಂದರ್ಭಕ್ಕೆ ಅಕ್ಷರಶಃ ಹೊಂದುವಂತಿದ್ದುದರಿಂದ ಅವರ ಬಾಗಿಲಿಗೆ ಹೋಗುವ ಮುನ್ನ ನಮ್ಮ ಹಿತ್ತಲಿನ ಕಾಂಪೋಸ್ಟ್ ಗುಂಡಿಯನ್ನು ತೆಗೆಸಿ, ಬಿಗಿ ಮುಚ್ಚಳದ ಡ್ರಮ್ಮಿಗೆ ವರ್ಗಾಯಿಸಿದೆ. ಬಳಿಕ ಬಿಲದಲ್ಲಿ ಸಿಕ್ಕಿದ ಕಾಳುತಿಂಡಿಯನ್ನು ಒಂದು ಡಬ್ಬಿಯಲ್ಲಿ ತೋರಿಸಿ ವಿಷಯ ಹೇಳಿದೆ. "ಅಯ್ಯೋ ಮೇಷ್ಟ್ರೇ, ನಾನು ನಾಯಿಗೇಂತ ಹಾಕಿದ್ದು ಹೆಗ್ಗಣ ಸಾಕ್ತಿತ್ತಾ!" ಎಂದು ಆಕೆ ಬೇಸರಪಟ್ಟುಕೊಂಡರು. ಅಂದಿನಿಂದ ಬೆಳಕಿರುವಾಗಲೇ ತಟ್ಟೆಗಳಲ್ಲಿ ಹಾಕಿ, ನಾಯಿಗಳು ತಿಂದು ಮುಗಿಸುವವರೆಗೆ ನಿಂತಿದ್ದು, ಉಳಿದದ್ದನ್ನು ತೆಗೆದುಕೊಂಡು ಹೋಗುತ್ತಾರೆ. ನಾಯಿಗಳಿಗೂ ನಷ್ಟವಾಗಲಿಲ್ಲ. ಚೇಂಬರಿನ ಮುಚ್ಚಳವನ್ನು ಬೀದಿಯವರು ಸೇರಿ ಹಣ ಹಾಕಿ ಹೊಸದಾಗಿ ಕೂರಿಸಿದೆವು, ಖಾಲಿ ಸೈಟಿನ ಪೊದೆಗಳನ್ನು ಮಾಲೀಕರ ಒಪ್ಪಿಗೆ ಪಡೆದು ಸವರಿಸಿದೆವು.

ಇನ್ನು ಉಳಿದದ್ದು ಕಾಂಪೌಂಡಿನ ಬುಡ. ಖರ್ಚು ಹೆಚ್ಚಾದದ್ದು ಇಲ್ಲಿಯೇ, ಫಲ ನಿಂತದ್ದೂ ಇಲ್ಲಿಯೇ. ಸೈಟಿನ ಕಡೆಯ ಗೋಡೆಯ ಉದ್ದಕ್ಕೂ ಎರಡು ಅಡಿ ಆಳದ ಕಂದಕ ತೆಗೆಸಿ, ಸೈಜುಗಲ್ಲುಗಳ ಸಂದಿಗಳಿಗೆ ಜಲ್ಲಿ ಸೇರಿಸಿದ ಸಿಮೆಂಟು ಗಾರೆಯನ್ನು ಒತ್ತಿ ತುಂಬಿಸಿದೆವು. ಬರಿಯ ಮಣ್ಣು, ಇಟ್ಟಿಗೆ ಚೂರುಗಳಿಂದ ತುಂಬಿದರೆ ಪ್ರಯೋಜನವಿಲ್ಲ. ಹೆಗ್ಗಣದ ಬಾಚಿಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವಾದ್ದರಿಂದ ಅದು ಏನನ್ನಾದರೂ ಕೊರೆಯುತ್ತಲೇ ಇರಬೇಕು. ಗಾರೆ ಒಣಗಿದ ಮೇಲೆ ಅರ್ಧ ಇಂಚಿನ ಕಣ್ಣುಗಳುಳ್ಳ, ಸತುವಿನ ಲೇಪವಿರುವ ಬೆಸುಗೆಯ ಜಾಲರಿಯನ್ನು ಗೋಡೆಗೆ ಒರಗಿಸಿ ಇಳಿಬಿಟ್ಟು, ತಳದಲ್ಲಿ ಒಂದಡಿಯನ್ನು ಹೊರಮುಖವಾಗಿ, ಅಂದರೆ ಹೆಗ್ಗಣ ಬರುವ ಕಡೆಗೆ ಮಡಿಸಿ ಮಣ್ಣು ಮುಚ್ಚಿದೆವು. ಆ ಮಡಿಕೆಯೇ ಮುಖ್ಯ. ಗೋಡೆಯ ಬುಡಕ್ಕೆ ಬಂದು ನೇರವಾಗಿ ಕೆಳಕ್ಕೆ ತೋಡುವ ಹೆಗ್ಗಣಕ್ಕೆ ಎಷ್ಟು ಆಳಕ್ಕಿಳಿದರೂ ಕಾಲಡಿ ಜಾಲರಿ ಸಿಗುತ್ತದೆಯೇ ಹೊರತು, ಹಿಂದೆ ಸರಿದು ಒಂದಡಿ ಆಚೆಯಿಂದ ಮತ್ತೆ ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಗಾರೆ ಕೆಲಸದವರು ಮೊದಲು ಒಂದು ಇಂಚಿನ ಕಣ್ಣಿನ ಜಾಲರಿ ತಂದಿದ್ದರು, ಅಗ್ಗವೆಂದು. ಮರಿಗಳು ಅದರಲ್ಲಿ ಸಲೀಸಾಗಿ ನುಗ್ಗುತ್ತವೆಂದು ಹಿಂದಕ್ಕೆ ಕಳಿಸಿದೆ.

ಜಾಲರಿ ಹಾಕುವ ಮುನ್ನ ಒಳಗೆ ಉಳಿದಿದ್ದವುಗಳನ್ನು ಹಿಡಿದು ಮುಗಿಸಿರಬೇಕೆಂಬುದನ್ನು ಮರೆಯಬಾರದು, ಇಲ್ಲದಿದ್ದರೆ ಹೊರಗಿನದನ್ನು ತಡೆದಂತೆ ಒಳಗಿನದನ್ನು ಕೂಡಿಹಾಕಿದಂತೆಯೂ ಆಗುತ್ತದೆ. ಒಂದು ಹೆಣ್ಣು ಒಂದು ಸಲಕ್ಕೆ ಆರೇಳು ಮರಿ ಹಾಕುತ್ತದೆ, ಆ ಮರಿಗಳು ಮೂರು ತಿಂಗಳ ಹೊತ್ತಿಗೆ ತಾವೂ ಮರಿ ಹಾಕಲು ಸಿದ್ಧವಾಗುತ್ತವೆ. ಬಾಯಿಗಳನ್ನು ಮುಚ್ಚಿ ಕಡ್ಡಿ ಚುಚ್ಚುವ ಪರೀಕ್ಷೆಯನ್ನು ಮತ್ತೆ ಮಾಡಿ, ಒಂದು ವಾರ ಯಾವುದೂ ತೆರೆಯಲಿಲ್ಲವೆಂದು ಖಚಿತವಾದ ಮೇಲೆಯೇ ಕಂದಕ ಮುಚ್ಚಿಸಿದ್ದು.

ಹುಲ್ಲನ್ನು ಸರಿಪಡಿಸಿದ್ದು ಕೊನೆಯ ಹಂತ. ಗುಪ್ಪೆಗಳ ಮಣ್ಣನ್ನು ಹುಲ್ಲಿನ ಮೇಲೆಯೇ ತುಳಿದು ಚಪ್ಪಟೆ ಮಾಡಿದರೆ ಕೆಳಗಿನ ಹುಲ್ಲು ಕೊಳೆಯುತ್ತದೆ, ಆದ್ದರಿಂದ ಅದನ್ನೆಲ್ಲ ಬಾಚಿ ಮಂಕರಿಗೆ ತುಂಬಿಸಿ ತೆಗೆದೆವು. ಉಳಿದ ಸುರಂಗಗಳನ್ನು ಹಾರೆಯಿಂದ ಗೇಣಿಗೊಂದರಂತೆ ಚುಚ್ಚಿ ಕುಸಿಯುವಂತೆ ಮಾಡಿ, ಮರಳು ಮತ್ತು ಜರಡಿ ಹಿಡಿದ ಗೊಬ್ಬರವನ್ನು ಸಮಸಮ ಬೆರೆಸಿ ತುಂಬಿ, ನೀರು ಹಾಕಿ ಕೂರಿಸಿ, ತಗ್ಗಾದ ಕಡೆ ಮತ್ತೆ ತುಂಬಿದೆವು. ಒಂದೇ ಸಲಕ್ಕೆ ತುಂಬಿ ಹುಲ್ಲು ಹಾಸಿದರೆ ಮುಂದಿನ ಮಳೆಗೆ ಅಲ್ಲಲ್ಲಿ ಹೊಂಡ ಬೀಳುತ್ತದೆ. ಗೋಣಿಯ ಮೇಲಿಟ್ಟಿದ್ದ ಹೆಂಟೆಗಳಲ್ಲಿ ಮುಕ್ಕಾಲು ಪಾಲು ಮತ್ತೆ ಹಿಡಿದುಕೊಂಡವು. ನಡುಭಾಗದಲ್ಲಿದ್ದ ಮೆಕ್ಸಿಕನ್ ಹುಲ್ಲು ತೀರ ನಿಧಾನವಾಗಿ ಹಬ್ಬುವುದರಿಂದ ಅಲ್ಲಿಗೆ ನರ್ಸರಿಯಿಂದ ತಂದ ತುಂಡುಗಳನ್ನು ಕೂರಿಸಿದೆ. ಗೋಡೆಯ ಪಕ್ಕದಲ್ಲಿ ಯಾರ ಹಂಗೂ ಇಲ್ಲದೆ ಗರಿಕೆಯೇ ಬಂದು ತುಂಬಿಕೊಂಡಿತು, ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಗಣಪತಿಗೆ ಹೇಗೂ ಬೇಕು.

ಸುಗಂಧರಾಜವನ್ನು ನೆಲದಲ್ಲಿ ಹಾಕುವುದನ್ನು ನಿಲ್ಲಿಸಿ ಸಿಮೆಂಟಿನ ಕುಂಡಗಳಿಗೆ ಏರಿಸಿದ್ದೇನೆ. ನೀರು ಹಾಕುವುದನ್ನೂ ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿದೆ. ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಒಣಗಿದ್ದರೆ ತೋಡಲು ಅಷ್ಟು ಹಿತವಾಗಿರುವುದಿಲ್ಲ. ಮುಂಬಾಗಿಲಿನ ಗೇಟಿನ ಅಡಿಯಲ್ಲಿ ಮೂರು ಬೆರಳು ಸಂದಿ ಇದೆ, ಅದಕ್ಕೆ ತಗಡಿನ ಪಟ್ಟಿ ಹೊಡೆಸಲು ಬೆಸುಗೆಯವನಿಗೆ ಹೇಳಿದ್ದೇನೆ. ಸೆಪ್ಟೆಂಬರ್ ಮಳೆ ಶುರುವಾಗುವುದರೊಳಗೆ ಆತ ಬರಬೇಕು. ಖಾಲಿ ಸೈಟಿನ ಆ ತುದಿಯಲ್ಲಿ, ಮೋರಿಯ ದಂಡೆಗೆ, ಒಂದು ಹೊಸ ಗುಪ್ಪೆ ಮೊನ್ನೆ ಕಾಣಿಸಿದೆ.